ಯಾವ ಕಾರು ಅನ್ನುವ ಮೊದಲು ಯಾವ ಮಂಡಿ ಹೇಳಿ

ಹೋದ ತಿಂಗಳು ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಮಂಡಿ ನೋವು ತಡಿಯಕ್ಕಾಗ್ತಿಲ್ಲ. ಆಟೊಮ್ಯಾಟಿಕ್ ಕಾರು ತಗೊಂಡುಬಿಡ್ಲಾ? ಇಲ್ಲಾ ಡ್ರೈವರ್ ಇಟ್ಕೊಳ್ಲಾ? ನಮ್ಮನೆಯವರು ಎಲೆಕ್ಟ್ರಿಕ್ ತಗೋ ಅಂತಾರೆ."

"ಯಾವ ಮಂಡಿ ಕಣೇ?" ಅಂದೆ.

"ಯಾವ್ದಾದ್ರೇನು ಅತ್ತಿಗೆ, ನೋವು ನೋವೇ ಅಲ್ವಾ?"

ಅಲ್ಲ. ಎಡ ಮಂಡಿಯಾದರೆ ಒಂದು ದಾರಿ, ಬಲ ಮಂಡಿಯಾದರೆ ಬೇರೆಯೇ ದಾರಿ. ಕೈಬೆರಳಾದರೆ ಇನ್ನೊಂದು. ಇದನ್ನು ಯೋಚಿಸದೆ ಶೋರೂಮಿಗೆ ಹೋದರೆ ಸನ್‌ರೂಫ್ ತೋರಿಸಿ, ಕಾಫಿ ಕೊಟ್ಟು ಕಳಿಸುತ್ತಾರೆ. ನಾನೂ ಒಂದು ಸಲ ಹಾಗೇ ಕಾಫಿ ಕುಡಿದು ಬಂದವಳು.

ನನಗೀಗ 58. ಎಡ ಮಂಡಿ ಸವೆದಿದೆ. ಎಡಗೈ ಹೆಬ್ಬೆರಳಿನ ಬುಡದಲ್ಲೂ ನೋವು. ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ರಾಮಾಂಜನೇಯ ಗುಡ್ಡದ ಸುತ್ತಮುತ್ತ ಎಲ್ಲಿ ನೋಡಿದರೂ ಏರು, ಇಳಿಜಾರು. ಎರಡು ವರ್ಷದ ಹಿಂದೆ ಒಂದು ಸಂಜೆ ಅಲ್ಲೇ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಂತಿದ್ದೆ. ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗಾಗಿ ಕಾಲು ತಾನಾಗಿಯೇ ಮೇಲೆದ್ದಿತು. ಎಂಜಿನ್ ಆಫ್ ಆಯಿತು, ಕಾರು ಹಿಂದಕ್ಕೆ ಜಾರಿತು. ಹಿಂದೆ ಸೊಪ್ಪಿನ ಗಾಡಿ. "ಅಮ್ಮಾ, ಬ್ರೇಕು, ಬ್ರೇಕು!" ಎಂದು ಆತ ಕೂಗಿದ. ಕಾರು ನಿಂತಾಗ ಬಂಪರಿಗೂ ದಂಟಿನ ಸೊಪ್ಪಿಗೂ ಮಧ್ಯೆ ಒಂದು ಗೇಣು ಜಾಗ ಇತ್ತು.

ಅವತ್ತಿನಿಂದ ಆರು ತಿಂಗಳು ನಾನು ಇದೇ ವಿಷಯ ಕೆದಕಿದೆ. ಹತ್ತಾರು ಕಾರಿನಲ್ಲಿ ಕೂತು ಎದ್ದೆ, ಡಾಕ್ಟರನ್ನು ಕೇಳಿದೆ, ನನ್ನ ಹಾಗೇ ಕೀಲು ನೋವಿರುವ ಗೆಳತಿಯರನ್ನು ಕೇಳಿದೆ. ನಾದಿನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ನಮ್ಮ ಕಾರುಗಳಲ್ಲಿ ಯಾವ ಅಂಗಕ್ಕೆ ಯಾವ ಕೆಲಸ ಎಂದು ಸುಮ್ನೆ ಒಮ್ಮೆ ಯೋಚಿಸಿ. ಎಡಗಾಲಿಗೆ ಕ್ಲಚ್ ಒಂದೇ. ಬಲಗಾಲಿಗೆ ಬ್ರೇಕು, ಆ್ಯಕ್ಸಿಲರೇಟರು ಎರಡೂ. ಎಡಗೈಗೆ ಗೇರು, ಹ್ಯಾಂಡ್‌ಬ್ರೇಕು. ಬಲಗೈಗೆ ಕೀಲಿ, ಬಾಗಿಲು. ಸೀಟ್ ಬೆಲ್ಟ್ ಎಳೆಯಲು ಭುಜ ಬೇಕು. ಅಡ್ಡರಸ್ತೆಯಿಂದ ಬರುವ ಬೈಕ್ ನೋಡಲು ಕತ್ತು ಬೇಕು. ಒಳಗೆ ಹೋಗಿ ಹೊರಗೆ ಬರಲು ಸೊಂಟ ಮತ್ತು ಎರಡೂ ಮಂಡಿ ಬೇಕು. ನಿಮ್ಮ ನೋವು ಈ ಪಟ್ಟಿಯಲ್ಲಿ ಎಲ್ಲಿದೆ ಎಂದು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು ಬ್ರೇಕ್. ಇಲ್ಲಿ ಚೌಕಾಸಿ ಇಲ್ಲ. ನಿಂತಿರುವ ಕಾರಿನಲ್ಲಿ ಎಂಜಿನ್ ಆನ್ ಇಟ್ಟುಕೊಂಡು, ಆ್ಯಕ್ಸಿಲರೇಟರ್ ಮೇಲಿನಿಂದ ಕಾಲು ಎತ್ತಿ ಬ್ರೇಕನ್ನು ಪೂರ್ತಿ ತುಳಿಯಿರಿ, ಎದುರಿಗೆ ಮಗು ಓಡಿ ಬಂದಿದೆ ಎನ್ನುವ ಹಾಗೆ. ಹತ್ತು ಸಲ ಮಾಡಿ. ಎಂಜಿನ್ ಆಫ್ ಇದ್ದರೆ ಬ್ರೇಕ್ ಪೆಡಲ್ ಕಲ್ಲಿನ ಹಾಗಿರುತ್ತದೆ, ಅದು ಲೆಕ್ಕಕ್ಕಿಲ್ಲ. ಹತ್ತರಲ್ಲಿ ಒಂದು ಸಲವಾದರೂ ನೋವಿಗೆ ಹೆದರಿ ಕಾಲು ಅಳುಕಿತೇ? ಹಾಗಾದರೆ ಈಗ ಕಾರಿನ ಮಾತು ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ. ಮಂಡಿ ಬದಲಿಸಿಕೊಂಡವರಿಗೂ ಇದೇ ಪರೀಕ್ಷೆ. ಬಲ ಮಂಡಿಯ ಆಪರೇಶನ್ ಆದರೆ ಸಾಮಾನ್ಯವಾಗಿ ಆರು ವಾರದ ಹತ್ತಿರ ಕಾಯಿಸುತ್ತಾರೆ. ಎಡ ಮಂಡಿಯಾಗಿ ಕಾರು ಆಟೊಮ್ಯಾಟಿಕ್ ಆಗಿದ್ದರೆ ಇನ್ನೂ ಬೇಗ ಬಿಡಬಹುದು. ಆ ದಿನವನ್ನು ಹೇಳಬೇಕಾದವರು ಸರ್ಜನ್, ಪಕ್ಕದ ಮನೆಯವರಲ್ಲ.

ಮೂರನೆಯದು, ನೋವು ಯಾವ ಹೊತ್ತಿನಲ್ಲಿ ಬರುತ್ತದೆ ಎನ್ನುವುದು. ನನ್ನ ಹಾಗೆ ಕೀಲು ಸವೆದವರಿಗೆ ಬೆಳಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ದಿನವೆಲ್ಲ ಓಡಾಡಿದ ಮೇಲೆ ಸಂಜೆಗೆ ನೋವು ಜಾಸ್ತಿ. ರುಮಟಾಯ್ಡ್ ಸಂಧಿವಾತ ಇರುವವರದು ಇದಕ್ಕೆ ತಿರುವುಮುರುವು. ಅವರ ಕೈಕಾಲು ಬೆಳಗ್ಗೆ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಹಿಡಿದುಕೊಂಡಿರುತ್ತವೆ. ಬೆರಳು ಊದಿರುತ್ತವೆ, ಅದೂ ಎರಡೂ ಕೈಯಲ್ಲಿ. ಒಂದು ವಾರ ಆರಾಮ, ಮುಂದಿನ ವಾರ ಏಳಲೂ ಆಗುವುದಿಲ್ಲ. ಇವರು ಕಾರನ್ನು ಆರಿಸುವಾಗ ಒಳ್ಳೆಯ ದಿನವನ್ನು ಲೆಕ್ಕಕ್ಕೆ ಹಿಡಿಯಲೇಬಾರದು.

ಉಳಿದವು ನಿಮಗೇ ಗೊತ್ತು. ವಾರಕ್ಕೆ ಎಷ್ಟು ದಿನ ಓಡಿಸುತ್ತೀರಿ, ಯಾವ ರಸ್ತೆ, ಕೈಯಲ್ಲಿ ಎಷ್ಟು ದುಡ್ಡಿದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನೋವಿಗೆ ಕೊಡುವ ಟ್ರಾಮಡಾಲ್, ಪ್ರೆಗಾಬಲಿನ್, ಸ್ನಾಯು ಸಡಿಲಿಸುವ ಮಾತ್ರೆಗಳು ನಿದ್ದೆ ಬರಿಸುತ್ತವೆ. ಹೊಸ ಮಾತ್ರೆ ಶುರು ಮಾಡಿದಾಗ ಅದು ಮೈಗೆ ಹೇಗೆ ಒಗ್ಗುತ್ತದೆ ಎಂದು ಗೊತ್ತಾಗುವವರೆಗೆ ಸ್ಟೀರಿಂಗ್ ಮುಟ್ಟಬೇಡಿ. ಮೈಯಲ್ಲಿ ಸರಿಯಿಲ್ಲದೆ ಓಡಿಸಿ ಅಪಾಯ ತಂದರೆ ಮೋಟಾರು ವಾಹನ ಕಾಯ್ದೆಯ 186ನೇ ಸೆಕ್ಷನ್ ಕೆಳಗೆ ಅದೂ ತಪ್ಪೇ.

ಇರುವ ಗೇರ್ ಕಾರನ್ನೇ ಸರಿಮಾಡಿಕೊಳ್ಳುವುದು

ಹೊಸ ಕಾರಿನ ಆಸೆಗೆ ಬೀಳುವ ಮೊದಲು ಇದನ್ನು ಮಾಡಿ. ಕೆಲವರಿಗೆ ಇಷ್ಟೇ ಸಾಕಾಗುತ್ತದೆ.

ಹಳೇ ಕಾರಿನ ಕ್ಲಚ್ ಸವೆದ ಹಾಗೆ ಪೆಡಲ್ ಗಟ್ಟಿಯಾಗುತ್ತಾ ಬರುತ್ತದೆ. ದಿನಾ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಮಂಡಿ ಹಾಳಾಯಿತು ಅಂದುಕೊಳ್ಳುತ್ತೇವೆ, ಅರ್ಧ ತಪ್ಪು ಕ್ಲಚ್ಚಿನದು. ನಮ್ಮ ಮೆಕ್ಯಾನಿಕ್ ಕ್ಲಚ್ ಸೆಟ್, ಕೇಬಲ್ ಎರಡೂ ಬದಲಿಸಿದ. ಹತ್ತು ಸಾವಿರದ ಆಸುಪಾಸು ಆಯಿತು. ಮರುದಿನ ಪೆಡಲ್ ಬೆಣ್ಣೆಯ ಹಾಗಿತ್ತು. ಟೈರಿನ ಗಾಳಿಯೂ ಅಷ್ಟೇ. ಗಾಳಿ ಕಡಿಮೆ ಇದ್ದರೆ ಸ್ಟೀರಿಂಗ್ ಭಾರ, ಅದರಲ್ಲೂ ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಪಾರ್ಕಿಂಗ್ ಮಾಡುವಾಗ ಮಣಿಕಟ್ಟಿನ ಕಥೆ ಮುಗಿದ ಹಾಗೆ.

ಜೆ.ಸಿ. ರಸ್ತೆಗೆ ಹೋದರೆ ಕೆಲವು ನೂರು ರೂಪಾಯಿಗೆ ದಪ್ಪ ಸ್ಟೀರಿಂಗ್ ಕವರ್ ಸಿಗುತ್ತದೆ. ತೆಳ್ಳಗಿನ ಚಕ್ರವನ್ನು ಬಿಗಿಯಾಗಿ ಹಿಡಿಯುವುದಕ್ಕಿಂತ ದಪ್ಪಗಿನದನ್ನು ಸಡಿಲವಾಗಿ ಹಿಡಿದರೆ ಬೆರಳಿಗೆ ಆರಾಮ. ಜಾರದ ಹಾಗೆ ಗಟ್ಟಿಯಾಗಿ ಕೂರುವ ಕವರನ್ನೇ ಕೇಳಿ. ಕೈಯನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿಟ್ಟರೆ ಭುಜ ಕೆಳಗಿರುತ್ತದೆ. ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ ಕಡಿಮೆಯೆಂದರೆ 25 ಸೆಂಟಿಮೀಟರ್ ದೂರ ಇರಲಿ. ಪೆಡಲ್ ಎಟುಕಲಿ ಎಂದು ಮುಂದೆ ಮುಂದೆ ಕೂರುವ ಗಿಡ್ಡ ಹೆಂಗಸರು ನಾವು, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಎದೆಗೇ ಬಡಿಯುತ್ತದೆ.

ಒಂದು ಕೈಯಲ್ಲಿ ತಿರುಗಿಸಲು ಸ್ಟೀರಿಂಗ್ ಮೇಲೆ ಹಾಕುವ ಗುಂಡಿ ಇದೆಯಲ್ಲ, ಅದನ್ನು ನೀವೇ ತಂದು ಹಾಕಬೇಡಿ. ಪೆಡಲ್ ಬದಲಿಸುವುದು, ಕೈಯಲ್ಲಿ ಬ್ರೇಕ್ ಹಾಕುವ ವ್ಯವಸ್ಥೆ ಮಾಡುವುದು ಇವೆಲ್ಲ ಕಾರಿನ ಮಾರ್ಪಾಡು. ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು.

ಇಳಿಯುವ ಹತ್ತುವ ಕಷ್ಟಕ್ಕೆ ಅತಿ ಅಗ್ಗದ ಉಪಾಯ ಅಂಗಡಿಯ ಪ್ಲಾಸ್ಟಿಕ್ ಕವರ್. ಸೀಟಿನ ಮೇಲೆ ಹಾಸಿ, ಮೊದಲು ಬೆನ್ನು ತಿರುಗಿಸಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ. ಬೆಣ್ಣೆ ಜಾರಿದ ಹಾಗೆ ತಿರುಗುತ್ತೀರಿ. ಹೊರಡುವ ಮೊದಲು ಕವರ್ ಎಳೆದು ಹಾಕಲೇಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಬೆಲ್ಟಿನ ಕೆಳಗೆ ಜಾರಿಬಿಡುತ್ತೀರಿ. ರೇಷ್ಮೆ ಸೀರೆ ಉಟ್ಟ ದಿನ ಕವರೂ ಬೇಡ, ಸೀರೆಯೇ ಜಾರಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಲಚ್ ತುಳಿಯುವುದು ತಪ್ಪುವುದಿಲ್ಲ. ಒಂದು ಸಂಜೆ ಮನೆಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗುವಾಗ ಎಷ್ಟು ಸಲ ಕ್ಲಚ್ ಒತ್ತುತ್ತೇನೆ ಎಂದು ಎಣಿಸತೊಡಗಿದೆ. ನೂರು ದಾಟಿದ ಮೇಲೆ ಬಿಟ್ಟೆ, ಇನ್ನೂ ಸೌತ್ ಎಂಡ್ ಸರ್ಕಲ್ ಬಂದಿರಲಿಲ್ಲ. ಬಲಗಾಲು ಗಟ್ಟಿಯಾಗಿದ್ದು, ಎಡಗಾಲಿನಲ್ಲಿ ಸ್ವಲ್ಪ ನೋವಿದ್ದು, ವಾರಕ್ಕೆ ಎರಡು ದಿನ ಖಾಲಿ ಹೊತ್ತಿನಲ್ಲಿ ಓಡಿಸುವವರಿಗೆ ಈ ದಾರಿ ಸಾಕು. ದಿನಾ ಹೆಬ್ಬಾಳ, ಸಿಲ್ಕ್ ಬೋರ್ಡ್, ಕೆ.ಆರ್. ಪುರ ಕಡೆ ಹೋಗುವವರು ಹತ್ತು ಸಾವಿರವನ್ನೂ ಸುರಿಯಬೇಡಿ.

ಎಎಂಟಿ

ಇದು ಕಡಿಮೆ ದುಡ್ಡಿನ ಆಟೊಮ್ಯಾಟಿಕ್. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾಯಿತು. ಒಳಗಿರುವುದು ಅದೇ ಗೇರು, ಅದೇ ಕ್ಲಚ್. ನಿಮ್ಮ ಕಾಲಿನ ಬದಲು ಒಂದು ಯಂತ್ರ ಅದನ್ನು ಒತ್ತುತ್ತದೆ. ಅಷ್ಟೇ. ಅದಕ್ಕೇ ಬೆಲೆ ಕಡಿಮೆ, ಅದೇ ಕಾರಿನ ಗೇರ್ ಮಾದರಿಗಿಂತ ಸುಮಾರು 50 ಸಾವಿರ ಜಾಸ್ತಿ. ಮೈಲೇಜೂ ಹೆಚ್ಚುಕಮ್ಮಿ ಅಷ್ಟೇ. ವ್ಯಾಗನ್ ಆರ್, ಸ್ವಿಫ್ಟ್, ಟಿಯಾಗೊ, ಪಂಚ್, ಎಕ್ಸ್‌ಟರ್ ಎಲ್ಲದರಲ್ಲೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಈ ಸಾಲಿನ ಕಾರುಗಳು ಇನ್ನಷ್ಟು ಕೈಗೆಟುಕಿವೆ.

ಎಡ ಮಂಡಿಯ ನೋವೊಂದೇ ಇದ್ದರೆ ಇಲ್ಲೇ ನಿಲ್ಲಿ, ಮುಂದೆ ಓದುವುದೂ ಬೇಡ.

ಆದರೆ ಎರಡು ಕೊರತೆ ಇವೆ. ಗೇರ್ ಬದಲಾಗುವಾಗ ಕಾರು ತಲೆದೂಗಿದ ಹಾಗೆ ಒಂದು ಜಗ್ಗು. ಕತ್ತು ನೋವಿರುವವರಿಗೆ ಅದು ಕಿರಿಕಿರಿ. ಗೇರ್ ಬದಲಾಗುವ ಹೊತ್ತಿಗೆ ಆ್ಯಕ್ಸಿಲರೇಟರನ್ನು ತುಸು ಬಿಡುವುದನ್ನು ಕಲಿತರೆ ಕಡಿಮೆಯಾಗುತ್ತದೆ, ಹದಿನೈದು ದಿನ ಹಿಡಿಯುತ್ತದೆ. ಇನ್ನೊಂದು, ನಾನು ಕೊಂಡ ಎಎಂಟಿ ಕಾರು ಮನೆಗೆ ಬಂದ ಮೇಲೆ ಗೊತ್ತಾದದ್ದು. ಬಹಳಷ್ಟು ಎಎಂಟಿ ಕಾರುಗಳಲ್ಲಿ 'ಪಿ' ಅಂದರೆ ಪಾರ್ಕಿಂಗ್ ಸ್ಥಾನ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯಲೇಬೇಕು. ಬಿಡಿಸುವಾಗ ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಎಡಗೈ ಹೆಬ್ಬೆರಳೇ ನನ್ನ ಶತ್ರು! ಈಗ ಅಂಗೈಯ ಬುಡದಿಂದ ಗುಂಡಿ ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ನಮ್ಮನೆಯವರು ಪಕ್ಕದಲ್ಲಿದ್ದರೆ ಅದು ಅವರ ಕೆಲಸ.

ಏರಿನಲ್ಲಿ ಕಾರು ಹಿಂದೆ ಜಾರದ ಹಾಗೆ ಒಂದೆರಡು ಕ್ಷಣ ಹಿಡಿಯುವ ಹಿಲ್ ಹೋಲ್ಡ್ ಇದೆಯೇ ಎಂದು ಕೇಳಿ. ಇದು ಎಲ್ಲ ವೇರಿಯಂಟಿನಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಎಎಂಟಿಯನ್ನು ಏರಿನಲ್ಲಿ ಬರೀ ಆ್ಯಕ್ಸಿಲರೇಟರ್ ಒತ್ತಿ ಹಿಡಿದು ನಿಲ್ಲಿಸಿದರೆ ಕ್ಲಚ್ ಬಿಸಿಯಾಗುತ್ತದೆ, ಬ್ರೇಕ್ ಮೇಲೇ ನಿಲ್ಲಿಸಿ.

ಎಎಂಟಿ ಜೊತೆ ಕೆಲವರು ಐಎಂಟಿಯನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಐಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಗೇರನ್ನು ಕೈಯಲ್ಲೇ ಹಾಕಬೇಕು. ಬೆರಳು, ಮಣಿಕಟ್ಟು ನೋವಿರುವವರಿಗೆ ಅದು ಬೇಡ.

ಸಿವಿಟಿ, ಟಾರ್ಕ್ ಕನ್ವರ್ಟರ್, ಡಿಸಿಟಿ

ಇವು ಮೂರೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬೇರೆ ಬೇರೆ ಬಗೆ. ಜಗ್ಗು ಬೇಡ ಅನ್ನುವವರಿಗೆ ಮುಂದಿನ ಮೆಟ್ಟಿಲು ಇವು. ಗೇರ್ ಮಾದರಿಗಿಂತ ಸುಮಾರು ಒಂದರಿಂದ ಒಂದೂವರೆ ಲಕ್ಷ ಜಾಸ್ತಿ ಹಿಡಿಯುತ್ತದೆ. ಹೋಂಡಾ ಅಮೇಜ್, ಸಿಟಿ ಕಾರುಗಳದು ಸಿವಿಟಿ. ಮಾರುತಿ ಬ್ರೆಝಾ, ಎರ್ಟಿಗಾಗಳದು ಟಾರ್ಕ್ ಕನ್ವರ್ಟರ್. ಎರಡೂ ನಯ. ಬ್ರೇಕ್ ಬಿಟ್ಟರೆ ಕಾರು ತಾನಾಗಿ ಮೆಲ್ಲಗೆ ತೆವಳುತ್ತದೆ, ಟ್ರಾಫಿಕ್ಕಿನಲ್ಲಿ ಬರೀ ಬ್ರೇಕಿನಿಂದಲೇ ಸಾಗಬಹುದು. 'ಪಿ' ಸ್ಥಾನವೂ ಇದೆ. ಹೆಬ್ಬೆರಳು, ಮಣಿಕಟ್ಟು ಎರಡೂ ನೋಯುವವರು ಎಎಂಟಿಗಿಂತ ಇದಕ್ಕೆ ದುಡ್ಡು ಹಾಕುವುದು ಸರಿ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿದರೂ ಚಿಂತೆಯಿಲ್ಲ.

ಡಿಸಿಟಿ ಬೇಗ ಗೇರ್ ಬದಲಿಸುತ್ತದೆ, ಹೆದ್ದಾರಿಯಲ್ಲಿ ಮಜಾ. ಆದರೆ ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್ ಇರುವ ಡಿಸಿಟಿ ಇಂಚಿಂಚು ಸಾಗುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ನಮ್ಮ ಊರಿನ ಸಂಜೆಗೆ, ನಮ್ಮ ವಯಸ್ಸಿಗೆ, ನಾನಂತೂ ಅದನ್ನು ಪಟ್ಟಿಯಿಂದ ತೆಗೆದೆ.

ದುಡ್ಡು ಇದ್ದರೆ ಗೇರ್‌ಬಾಕ್ಸಿಗಿಂತ ಈ ಒಂದು ಸೌಕರ್ಯಕ್ಕೆ ಖರ್ಚು ಮಾಡಿ: ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್, ಜೊತೆಗೆ ಆಟೊ ಹೋಲ್ಡ್. ಒಂದು ಬೆರಳಿನಲ್ಲಿ ಗುಂಡಿ ಎಳೆದರೆ ಹ್ಯಾಂಡ್‌ಬ್ರೇಕ್ ಬೀಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಕಾರನ್ನು ಆಟೊ ಹೋಲ್ಡೇ ಹಿಡಿದುಕೊಂಡಿರುತ್ತದೆ, ಮೂರು ನಿಮಿಷ ಬ್ರೇಕ್ ಒತ್ತಿ ಕೂರುವುದು ತಪ್ಪುತ್ತದೆ. ಬಲ ಮಂಡಿ ನೋವಿರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ತೊಂದರೆ ಏನೆಂದರೆ ಇದು ಸಾಮಾನ್ಯವಾಗಿ ಮೇಲಿನ ವೇರಿಯಂಟಿನಲ್ಲಿ, ಸನ್‌ರೂಫಿನ ಜೊತೆ ಕಟ್ಟಿಕೊಂಡೇ ಬರುತ್ತದೆ.

ಆ್ಯಕ್ಸಿಲರೇಟರ್ ಒತ್ತದೆಯೇ ಕಾರಿನ ವೇಗವನ್ನು ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಬಗ್ಗೆ ಜನ ಕೇಳುತ್ತಾರೆ. ಮೈಸೂರು ಎಕ್ಸ್‌ಪ್ರೆಸ್‌ವೇಗೆ ಒಳ್ಳೆಯದು. ಊರೊಳಗೆ ಅಲಂಕಾರ.

ಎಲೆಕ್ಟ್ರಿಕ್

ಬಲ ಮಂಡಿ, ಬಲ ಪಾದದ ನೋವಿದ್ದೂ ಬ್ರೇಕ್ ಪರೀಕ್ಷೆಯಲ್ಲಿ ಪಾಸಾದವರು ಇದನ್ನು ಗಮನ ಕೊಟ್ಟು ಓದಿ. ಮಾಮೂಲಿ ಆಟೊಮ್ಯಾಟಿಕ್ ಎಡಗಾಲಿಗೆ ಪೂರ್ತಿ ರಜೆ ಕೊಡುತ್ತದೆ, ಬಲಗಾಲಿಗೆ ಏನೂ ಕೊಡುವುದಿಲ್ಲ. ಆ್ಯಕ್ಸಿಲರೇಟರಿನಿಂದ ಬ್ರೇಕಿಗೆ, ಬ್ರೇಕಿನಿಂದ ಆ್ಯಕ್ಸಿಲರೇಟರಿಗೆ ಅದೇ ಓಡಾಟ. ಎಲೆಕ್ಟ್ರಿಕ್ ಕಾರಿನಲ್ಲಿ ಆ್ಯಕ್ಸಿಲರೇಟರಿನಿಂದ ಕಾಲು ಸಡಿಲಿಸಿದ ಕೂಡಲೇ ಮೋಟಾರು ಕಾರನ್ನು ನಿಧಾನ ಮಾಡುತ್ತದೆ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇದನ್ನು ರೀಜೆನ್ ಅನ್ನುತ್ತಾರೆ. ಟಿಯಾಗೊ, ಪಂಚ್, ನೆಕ್ಸಾನ್ ಎಲೆಕ್ಟ್ರಿಕ್‌ಗಳಲ್ಲಿ ಇದರ ಮಟ್ಟವನ್ನು ಏರಿಸಿ ಇಳಿಸಬಹುದು. ಜಾಸ್ತಿ ಇಟ್ಟರೆ ಟ್ರಾಫಿಕ್ಕಿನಲ್ಲಿ ಒಂದೇ ಪೆಡಲಿನಲ್ಲಿ ಬಹಳ ದೂರ ಸಾಗಬಹುದು. ಪೂರ್ತಿ ನಿಲ್ಲಿಸಲು, ತುರ್ತಿಗೆ ಬ್ರೇಕ್ ಬೇಕೇ ಬೇಕು, ಮರೆಯಬೇಡಿ.

ನನ್ನ ಗೆಳತಿಯೊಬ್ಬಳಿಗೆ ರುಮಟಾಯ್ಡ್. ಅವಳು ಎಲೆಕ್ಟ್ರಿಕ್ ಕೊಂಡಳು. ಕಾಲು ಆರಾಮ, ಗೇರಿನ ಬದಲು ಒಂದು ತಿರುಗಣೆ ಗುಂಡಿ, ಅದೂ ಆರಾಮ. ಆದರೆ ಚಾರ್ಜಿಂಗ್ ಗನ್! ರಸ್ತೆ ಬದಿಯ ಫಾಸ್ಟ್ ಚಾರ್ಜರಿನ ಕೇಬಲ್ ನಮ್ಮ ಬಾವಿ ಹಗ್ಗದಷ್ಟು ದಪ್ಪ, ಗನ್ ಭಾರ, ಒತ್ತಿ ಕೂರಿಸಬೇಕು, ಎಳೆದು ಬಿಡಿಸಬೇಕು. ಊದಿದ ಬೆರಳಿಗೆ ಅದು ಶಿಕ್ಷೆ. ಈಗ ಅವಳು ಮನೆಯಲ್ಲೇ 15 ಆ್ಯಂಪಿಯರ್ ಪ್ಲಗ್ಗಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುತ್ತಾಳೆ. ಆ ಕೇಬಲ್ ಹಗುರ, ಹಾಕುವುದು ಮಗ. ಹಾಗಾಗಿ ಸ್ವಂತ ಪಾರ್ಕಿಂಗ್ ಜಾಗ, ಪ್ಲಗ್ಗು, ಕೈಯಾಸರೆಗೆ ಒಬ್ಬರು ಈ ಮೂರೂ ಇದ್ದರೆ ಎಲೆಕ್ಟ್ರಿಕ್ ನಾನು ಮೊದಲು ಹೇಳುವ ಹೆಸರು. ಅಪಾರ್ಟ್‌ಮೆಂಟಿನ ಅಸೋಸಿಯೇಶನ್ ಪಾಯಿಂಟ್ ಕೊಡಲು ಮೀನಮೇಷ ಎಣಿಸುತ್ತಿದ್ದರೆ ಕಾಯಿರಿ.

ಬಾಗಿಲನ್ನೂ ನೋಡಿ. ಎಂಜಿ ಕಾಮೆಟ್ ಪುಟ್ಟದು, ಪಾರ್ಕಿಂಗಿಗೆ ಸುಲಭ, ಆದರೆ ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಗ್ಗಬೇಕು. ಅತ್ತೆಯವರನ್ನು ಕರೆದುಕೊಂಡು ಹೋಗುವ ಮನೆಗೆ ಅದು ಆಗದು.

ಸೀಟಿನ ಎತ್ತರ: ಟೇಪು ಹಿಡಿದು ಹೋಗಿ

ಯಾವ ಗೇರ್‌ಬಾಕ್ಸ್ ಆದರೂ ಈ ಒಂದು ಅಳತೆ ತಪ್ಪಿದರೆ ಎಲ್ಲವೂ ನೀರಿನಲ್ಲಿ ಹೋಮ.

ಮನೆಯಲ್ಲಿರುವ ಕುರ್ಚಿ, ಮಂಚ, ಸ್ಟೂಲುಗಳ ಮೇಲೆ ಕೂತು ಕೈ ಊರದೆ ಎದ್ದು ನೋಡಿ. ಆರಾಮಾಗಿ ಏಳಲು ಆಗುವ ಅತಿ ತಗ್ಗಿನ ಎತ್ತರ ಯಾವುದೋ ಅದನ್ನು ಟೇಪಿನಲ್ಲಿ ಅಳೆಯಿರಿ. ನನಗದು 19 ಇಂಚು. ಶೋರೂಮಿನಲ್ಲಿ ನೆಲದಿಂದ ಡ್ರೈವರ್ ಸೀಟಿನ ಅಂಚಿನವರೆಗೆ ಅಳೆಯಿರಿ. ನಿಮ್ಮ ಅಳತೆಗಿಂತ ಒಂದೆರಡು ಇಂಚು ಮೇಲಿದ್ದರೆ ಸರಿ. ತಗ್ಗಾದರೆ ಮಂಡಿ ಪೂರ್ತಿ ಮಡಚಬೇಕು, ಏಳುವಾಗ ಬಾಗಿಲು ಹಿಡಿದು ಎಳೆದುಕೊಳ್ಳಬೇಕು. ಸೆಡಾನುಗಳಲ್ಲಿ ಈ ತೊಂದರೆ. ತೀರಾ ಎತ್ತರವಾದರೆ ಕಾಲೆತ್ತಿ ಹತ್ತಬೇಕು, ಸೊಂಟಕ್ಕೆ ಏಟು. ದೊಡ್ಡ ಎಸ್‌ಯುವಿಗಳಲ್ಲಿ ಈ ತೊಂದರೆ. ನನ್ನ ಹಾಗೆ ಐದಡಿ ಇರುವವರಿಗೆ ವ್ಯಾಗನ್ ಆರ್ ತರಹದ ಎತ್ತರದ ಸಣ್ಣ ಕಾರು, ಇಲ್ಲವೇ ಚಿಕ್ಕ ಎಸ್‌ಯುವಿ ಹೊಂದುತ್ತದೆ. ಸೀಟಿಗೆ ಎತ್ತರ ಹೊಂದಿಸುವ ಹಿಡಿ, ಸ್ಟೀರಿಂಗಿಗೆ ಮೇಲೆ ಕೆಳಗೆ ಹೊಂದಿಸುವ ವ್ಯವಸ್ಥೆ ಇರುವ ವೇರಿಯಂಟನ್ನೇ ಕೇಳಿ.

ನಾನು ಒಂದು ಶೋರೂಮಿನಲ್ಲಿ ಒಂದೇ ಕಾರಿಗೆ ಎಂಟು ಸಲ ಹತ್ತಿ ಇಳಿದೆ. ಸೇಲ್ಸ್ ಹುಡುಗ ನಕ್ಕ. "ಆಂಟಿ, ಎಂಜಿನ್ ಬಗ್ಗೆ ಏನೂ ಕೇಳಲ್ವಾ?" ಅಂದ. ಎಂಜಿನ್ ಅವರ ತಲೆನೋವು, ಮಂಡಿ ನನ್ನದು.

ಕತ್ತು ತಿರುಗದವರಿಗೆ ಒಂದು ಮಾತು. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಕ್ಯಾಮೆರಾ ಬೇರೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ಅಗಲದ ಒಳಗನ್ನಡಿಯೂ ಸಹಾಯ ಮಾಡುತ್ತದೆ. ಆದರೆ ಇವೆಲ್ಲ ರಿವರ್ಸಿಗೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೇರುವಾಗ ಬಲಕ್ಕೆ ಕತ್ತು ತಿರುಗಲೇಬೇಕು, ಅಲ್ಲಿ ಕ್ಯಾಮೆರಾ ನೆರವಿಗೆ ಬರುವುದಿಲ್ಲ.

ಸ್ಟೀರಿಂಗ್ ಬೇರೆಯವರ ಕೈಗೆ

ಪಕ್ಕದ ಮನೆಯ ಮೇಷ್ಟ್ರಿಗೆ ಬಲ ಸೊಂಟದ ಕೀಲು ಸವೆದಿದೆ. ಬ್ರೇಕ್ ಪರೀಕ್ಷೆ ಮಾಡಿಸಿದೆ, ಮೂರನೇ ಸಲಕ್ಕೆ ಮುಖ ಹಿಂಡಿದರು. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಗಂಟೆ ಲೆಕ್ಕದ ಡ್ರೈವರ್ ಕರೆಸತೊಡಗಿದರು.

ತಿಂಗಳ ಸಂಬಳದ ಡ್ರೈವರ್ ನಮ್ಮ ಕಡೆ ಕೇಳಿದರೆ 20 ಸಾವಿರದ ಆಸುಪಾಸು ಹೇಳುತ್ತಾರೆ. ವರ್ಷಕ್ಕೆ 2 ಲಕ್ಷದ 40 ಸಾವಿರ. ಎಎಂಟಿಗೆ ಕೊಡುವ ಹೆಚ್ಚುವರಿ ದುಡ್ಡು ಮೂರು ತಿಂಗಳ ಸಂಬಳಕ್ಕೂ ಸಾಲದು. ಹಾಗಾಗಿ ಕಾಲು ಕೈ ಒಪ್ಪುವವರೆಗೆ ಆಟೊಮ್ಯಾಟಿಕ್ ಅಗ್ಗ, ಕಾಲು ಒಪ್ಪದಿದ್ದರೆ ಲೆಕ್ಕವೇ ಬೇರೆ. ತಿಂಗಳಿಗೆ ನಾಲ್ಕೈದು ದಿನ ಮಾತ್ರ ಕಾರು ಬೇಕಾದವರಿಗೆ ಆ್ಯಪಿನಲ್ಲಿ ಸಿಗುವ ಗಂಟೆ ಲೆಕ್ಕದವರೇ ಸಾಕು. ಪ್ರತಿ ಸಲ ಹೊಸ ಮುಖ, ಅದೊಂದು ಕಷ್ಟ.

ಡ್ರೈವರ್ ಬಂದರು ಎಂದು ಹಿಂದೆ ಹೋಗಿ ಕೂರಬೇಡಿ. ಸಣ್ಣ ಕಾರುಗಳಲ್ಲಿ ಹಿಂದಿನ ಬಾಗಿಲು ಕಿರಿದು, ಕಾಲು ಚಾಚಲು ಜಾಗವಿಲ್ಲ. ಮುಂದಿನ ಎಡ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಕೂತರೆ ಮಂಡಿ ನೆಟ್ಟಗಿರುತ್ತದೆ. ಮೇಷ್ಟ್ರಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿತ್ತು, ಎರಡೇ ದಿನಕ್ಕೆ ಮುಂದೆ ಬಂದರು.

ಮೆಟ್ರೊ, ಆಟೊ, ಕ್ಯಾಬ್

ನನ್ನ ಮಗಳ ಮನೆ ವೈಟ್‌ಫೀಲ್ಡಿನಲ್ಲಿ. ಅಲ್ಲಿಗೆ ಕಾರಿನಲ್ಲಿ ಹೋಗುವುದನ್ನು ನಾನು ಬಿಟ್ಟೇಬಿಟ್ಟೆ. ನ್ಯಾಷನಲ್ ಕಾಲೇಜ್ ನಿಲ್ದಾಣದವರೆಗೆ ಆಟೊ, ಅಲ್ಲಿಂದ ಹಸಿರು ಮಾರ್ಗ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲು. 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಗರಿಷ್ಠ ಟಿಕೆಟ್ 90 ರೂಪಾಯಿ. ಕ್ಯಾಬಿಗೆ ಹೋಲಿಸಿದರೆ ಏನೂ ಅಲ್ಲ. ಲಿಫ್ಟ್ ಎಲ್ಲ ಕಡೆ ಇದೆ, ಹುಡುಕಬೇಕು ಅಷ್ಟೇ. ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸುವಾಗ ನಡಿಗೆ ಇದೆ, ಆ ನಡಿಗೆ ಆಗದವರು ಯೋಚಿಸಿ. ಬೆಳಗ್ಗೆ ಒಂಬತ್ತರ ನೂಕುನುಗ್ಗಲಿನಲ್ಲಿ ಹೋಗಬೇಡಿ, ಹನ್ನೊಂದಕ್ಕೆ ಹೊರಟರೆ ಕೂರಲು ಜಾಗ ಸಿಗುತ್ತದೆ.

ಆಟೊ ಹತ್ತುವುದು ಸುಲಭ, ಹಂಪುಗಳ ಮೇಲೆ ಕೂತಿರುವುದು ಕಷ್ಟ. 2025ರ ಆಗಸ್ಟ್‌ನಿಂದ ಮೀಟರ್ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18. ಮೀಟರಿನಲ್ಲಿ ಬಂದರೆ ಅನ್ನುವ ಮಾತು ಬೇರೆ. ಬೆನ್ನು, ಕತ್ತಿನ ನೋವಿರುವವರು ಹತ್ತಿರದ ದೂರಕ್ಕೆ ಮಾತ್ರ ಆಟೊ ಹಿಡಿಯಿರಿ. ಕ್ಯಾಬ್ ಬುಕ್ ಮಾಡುವಾಗ ಸೆಡಾನಿಗಿಂತ ಎತ್ತರದ ಹ್ಯಾಚ್‌ಬ್ಯಾಕ್ ಬಂದರೆ ನಿಮ್ಮ ಅದೃಷ್ಟ.

ತಿಂಗಳಿಗೆ ಹತ್ತು ದಿನಕ್ಕಿಂತ ಕಡಿಮೆ ಓಡಾಟ ಇರುವವರು ಹೊಸ ಕಾರಿನ ಕಂತು, ಇನ್ಶೂರೆನ್ಸ್, ಸರ್ವಿಸ್ ಎಲ್ಲ ಕೂಡಿಸಿ ನೋಡಿ. ಕ್ಯಾಬೇ ಗೆಲ್ಲುತ್ತದೆ. ಆದರೆ ಮಳೆ ಬಂದ ಸಂಜೆ ಕ್ಯಾಬ್ ಸಿಗದೆ ಒಂದು ಗಂಟೆ ರಸ್ತೆ ಬದಿ ನಿಂತರೆ ಮಂಡಿ ಅದನ್ನು ಎರಡು ದಿನ ನೆನಪಿಸುತ್ತದೆ. ಆ ಖರ್ಚು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಕೊಳ್ಳುವ ಮೊದಲು

ಲೈಸೆನ್ಸ್ ತೆಗೆದು ದಿನಾಂಕ ನೋಡಿ. 40 ದಾಟಿದವರು ನವೀಕರಿಸಲು ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಕೊಡಬೇಕು. 55 ದಾಟಿದ ಮೇಲೆ ನವೀಕರಿಸಿದರೆ ಐದೈದು ವರ್ಷಕ್ಕೆ ಸಿಗುತ್ತದೆ. ಇವತ್ತು ಓಡಿಸಬಹುದು ಅನ್ನುವ ಕಾರನ್ನು ಐದು ವರ್ಷ ಆದ ಮೇಲೂ ಓಡಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಆಗಲೇ ಕೇಳಿಬಿಡಿ.

ಟೆಸ್ಟ್ ಡ್ರೈವನ್ನು ಅವರು ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಕೊಡುತ್ತಾರೆ. ಒಪ್ಪಬೇಡಿ. ಕೀಲು ಸವೆತದವರು ಸಂಜೆ ಆರೂವರೆಗೆ ಕೇಳಿ, ರುಮಟಾಯ್ಡ್ ಇರುವವರು ಬೆಳಗ್ಗೆ ಎಂಟಕ್ಕೆ ಕೇಳಿ. ನೋವಿನ ಮಾತ್ರೆ ನುಂಗಿ ಹೋಗಬೇಡಿ. ಮುಕ್ಕಾಲು ಗಂಟೆ ಓಡಿಸಿ, ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ಒಂದು ಇಕ್ಕಟ್ಟಿನ ಜಾಗದಲ್ಲಿ ಪಾರ್ಕ್ ಮಾಡಿ. ಮರುದಿನ ಬೆಳಗ್ಗೆ ಯಾವ ಕೀಲು ಏನು ಹೇಳುತ್ತದೆ ನೋಡಿ, ಆಮೇಲೆ ಅಡ್ವಾನ್ಸ್. ಶೋರೂಮಿನವರು ಇದಕ್ಕೆ ಒಪ್ಪದಿದ್ದರೆ ಅದೇ ಮಾದರಿಯ ಕಾರನ್ನು ಎರಡು ದಿನ ಸೆಲ್ಫ್ ಡ್ರೈವ್ ಬಾಡಿಗೆಗೆ ತೆಗೆದುಕೊಳ್ಳಿ. ಲಕ್ಷಗಟ್ಟಲೆ ಹಾಕುವ ಮೊದಲು ಕೆಲವು ಸಾವಿರ ಹೋದರೆ ಹೋಗಲಿ.

ನಾದಿನಿಗೆ ನೋವಿರುವುದು ಬಲ ಮಂಡಿಯಂತೆ. ಮೂರು ದಿನ ಬಿಟ್ಟು ಅವಳೇ ಫೋನ್ ಮಾಡಿ ಹೇಳಿದಳು. ಬ್ರೇಕ್ ಪರೀಕ್ಷೆ ಹತ್ತೂ ಸಲ ಪಾಸು. ಅವರ ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇದೆ, ಪ್ಲಗ್ಗೂ ಇದೆ. ಬರುವ ಶನಿವಾರ ಒಂದು ಎಲೆಕ್ಟ್ರಿಕ್ ಬಾಡಿಗೆಗೆ ತೆಗೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಾಳೆ, ಸಂಜೆ ಆರೂವರೆಗೆ, ಮಾತ್ರೆ ನುಂಗದೆ. ಗುಡ್ಡದ ಏರಿನಲ್ಲಿ ನಿಲ್ಲಿಸಿ ನೋಡೋಣ ಎಂದಿದ್ದೇನೆ. ಟೇಪು ನನ್ನ ಹತ್ತಿರ ಇದೆ.